ದೇವರಿಗೆ ಎರಡು ಪೀರಿಯಡ್

ನಾನು ಓದಿದ ಶಾಲೆಯ ವೇಳಾಪಟ್ಟಿಯಲ್ಲಿ ದೇವರಿಗೆ ವಾರಕ್ಕೆ ಎರಡು ಪೀರಿಯಡ್ ಇತ್ತು, ಭೂಗೋಳಕ್ಕೆ ಮೂರು. ಭೂಮಿಯನ್ನು ಮಾಡಿದವನಿಗಿಂತ ಭೂಮಿಗೇ ಒಂದು ಪೀರಿಯಡ್ ಹೆಚ್ಚು ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಭೂಗೋಳಕ್ಕೆ ಇನ್ನೂ ಒಂದು ಸೇರಿಸುತ್ತಿದ್ದರೇ ಹೊರತು ದೇವರಿಗಲ್ಲ. ಅದು ಪುಣೆಯ ಕ್ಯಾಂಪಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆ. ಆ ಪೀರಿಯಡ್ಡಿನ ಗಂಟೆ ಹೊಡೆದ ಕೂಡಲೇ ತರಗತಿ ಇಬ್ಭಾಗವಾಗುತ್ತಿತ್ತು. ಗೋವಾ, ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗರು ಎದ್ದು ಸಾಲಾಗಿ ಇನ್ನೊಂದು ಕೋಣೆಗೆ ‘ಕ್ಯಾಟೆಕಿಸಂ’ಗೆ ಹೋಗುವರು. ಉಳಿದವರು, ಅಂದರೆ ಪಾರ್ಸಿ, ಬೋಹರಾ, ಸಿಖ್ಖ, ಸಿಂಧಿ, ಮರಾಠಿ ಹುಡುಗರು ಮತ್ತು ಧಾರವಾಡದಿಂದ ಬಂದು ಖಡಕಿಯಲ್ಲಿ ನೆಲೆಸಿದ್ದ ಕುಟುಂಬದ ನಾನು, ಕೂತಲ್ಲೇ ಕೂತು ‘ಮಾರಲ್ ಸೈನ್ಸ್’ ಕಲಿಯುವುದು. ಅವರಿಗೆ ದೇವರು, ನಮಗೆ ಒಳ್ಳೆಯ ನಡತೆ. ಎರಡೂ ಬೇಕಾದವರು ಏನು ಮಾಡಬೇಕೆಂಬುದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ.

ಮಾರಲ್ ಸೈನ್ಸ್ ಪುಸ್ತಕದ ಹುಡುಗರಿಗೆ ದಾರಿಯಲ್ಲಿ ಸದಾ ಹಣದ ಚೀಲ ಸಿಗುತ್ತಿತ್ತು. ಅವರು ಅದನ್ನು ಹಿಂದಿರುಗಿಸುತ್ತಿದ್ದರು. ಚೀಲದ ಒಡೆಯ ಒಬ್ಬ ಮುದುಕ, ಕಣ್ಣೀರು ಸುರಿಸಿ ಅದರಲ್ಲೇ ಒಂದು ನಾಣ್ಯ ತೆಗೆದು ಕೊಡಲು ಬರುವನು. ಹುಡುಗ ಬೇಡವೆನ್ನುವನು. ಖಡಕಿ ಬಜಾರಿನಿಂದ ಕ್ಯಾಂಪಿನವರೆಗಿನ ದಾರಿಯಲ್ಲಿ ನಾನು ನೆಲ ನೋಡಿಕೊಂಡೇ ನಡೆದದ್ದಕ್ಕೆ ಈ ಪುಸ್ತಕವೇ ಕಾರಣ. ಸಿಕ್ಕಿದ್ದು ಬಸ್ಸಿನ ಹಳೆ ಟಿಕೀಟುಗಳು ಮಾತ್ರ. ಆ ವಿಷಯಕ್ಕೂ ವರ್ಷದ ಕೊನೆಗೆ ಪರೀಕ್ಷೆ ಇತ್ತು, ಆ ಪರೀಕ್ಷೆಯಲ್ಲೂ ಕಾಪಿ ನಡೆಯುತ್ತಿತ್ತು.

ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತದೆ ಎನ್ನುವ ಕುತೂಹಲ ಮಾತ್ರ ನಮ್ಮನ್ನು ತಿನ್ನುತ್ತಿತ್ತು. ಅಲ್ಲಿ ದೇವರನ್ನು ತೋರಿಸುತ್ತಾರೆ ಎಂದು ಸಿಂಧಿ ಹುಡುಗ, ಅಲ್ಲಿ ಬರೀ ಬೈಗುಳ ಎಂದು ಪಾರ್ಸಿ ಹುಡುಗ. ಕೊನೆಗೆ ಮಂಗಳೂರಿನ ಹುಡುಗನೊಬ್ಬ ನನ್ನ ಡಬ್ಬಿಯ ಶೇಂಗಾ ಹೋಳಿಗೆಗೆ ಬದಲಾಗಿ ಬೈಬಲಿನ ಹತ್ತೂ ಆಜ್ಞೆಗಳನ್ನು ಹೇಳಿಕೊಟ್ಟ. ಧರ್ಮವನ್ನು ದುಡ್ಡಿಗೆ ಮಾರಬಾರದು ಎಂದು ಬಲ್ಲವರು ಹೇಳಿದ್ದಾರೆ. ಹೋಳಿಗೆಯ ವಿಚಾರ ಯಾರೂ ಎತ್ತಿಲ್ಲ. ನೆರೆಯವನ ಎತ್ತು, ಕತ್ತೆಗಳಿಗೆ ಆಸೆಪಡಬಾರದು ಎಂಬ ಆಜ್ಞೆಯನ್ನು ನಾನು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆಲ್ಲ ತಿಳಿಸಿದೆ. ನಮ್ಮ ನೆರೆಯವರ ಬಳಿ ಕತ್ತೆ ಇರಲಿಲ್ಲ, ಲ್ಯಾಂಬ್ರೆಟ್ಟಾ ಸ್ಕೂಟರ್ ಇತ್ತು. ಅದರ ಮೇಲೆ ಅಪ್ಪನಿಗೆ ಬಹಳ ಆಸೆಯಿತ್ತು. ಅವರು ತಲೆ ಎತ್ತಲಿಲ್ಲ. ಕೊಲ್ಲಬಾರದು ಎನ್ನುವ ಇನ್ನೊಂದು ಆಜ್ಞೆಯೂ ಇದೆ ಎಂದೆ. ಅಪ್ಪ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. “ಸುಮ್ನ ಊಟಾ ಮಾಡು” ಎಂದರು.

ಅಜ್ಜಿಯ ಧೋರಣೆ ಬೇರೆ. ದೀಪಾವಳಿಗೆಂದು ಧಾರವಾಡದಿಂದ ಬಂದವಳು ಬಚ್ಚಲ ಬಾಗಿಲಲ್ಲಿ ನಿಂತು ನಾನು ಗುನುಗುತ್ತಿದ್ದ ಶಾಲೆಯ ಹಾಡನ್ನು ಪೂರ್ತಿ ಕೇಳಿದಳು.

“ಯಾರ ಪದಾನೋ ಅದು?”

“ಯೇಸುಂದು, ಅಜ್ಜಿ.”

ಅವ್ವ ಒಲೆಯ ಮುಂದೆ ಉಸಿರು ಬಿಗಿಹಿಡಿದಳು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಧಾಟಿ ಛಲೋ ಅದ. ಖರೆ ಸ್ನಾನಾ ಆದ ಮ್ಯಾಲೆ ಹಾಡು. ಯಾರ ದೇವರಾದ್ರೂ ಮೈಲಿಗಿಯೊಳಗ ಹಾಡಬಾರದು” ಎಂದಳು. ಬಹುಧರ್ಮೀಯ ಸಮಾಜದಲ್ಲಿ ಧಾರ್ಮಿಕ ಶಿಕ್ಷಣದ ಸ್ಥಾನವೇನು ಎಂಬ ವಿಚಾರಸಂಕಿರಣಗಳಲ್ಲಿ ನಾನು ಆಮೇಲೆ ಬಹಳ ಸಲ ಕೂತಿದ್ದೇನೆ. ಇಷ್ಟು ಸಲೀಸಾಗಿ ಅಧ್ಯಕ್ಷ ಭಾಷಣ ಮುಗಿಸಿದವರನ್ನು ಕಂಡಿಲ್ಲ.

ಪರೀಕ್ಷೆಯ ಕಾಲ ಬಂತೆಂದರೆ ಶಾಲೆಯ ಹಿತ್ತಲಲ್ಲಿದ್ದ ಕಲ್ಲಿನ ಗವಿಯೊಳಗಿನ ಮೇರಿಯಮ್ಮನ ಮುಂದೆ ಸರ್ವಧರ್ಮ ಸಮಭಾವ ತಾನಾಗಿಯೇ ಸ್ಥಾಪನೆಯಾಗುತ್ತಿತ್ತು. ಅದರಲ್ಲೂ ಗಣಿತದ ದಿನ. ಎರಡೆರಡು ಗಣಪತಿಗೆ ಹರಕೆ ಹೊತ್ತು ಬಂದ ಸದಾಶಿವ ಪೇಟೆಯ ಹುಡುಗನೂ ಜಾಗ್ರತೆಗೆಂದು ಇಲ್ಲೊಂದು ಮೇಣದ ಬತ್ತಿ ಹಚ್ಚುವನು. ಬೋಹರಾ ಹುಡುಗ ಮಾತ್ರ ಹಚ್ಚುತ್ತಿರಲಿಲ್ಲ, ಮನೆಯಲ್ಲಿ ಬೇಡವೆಂದಿದ್ದರು. ಹಾಗೆಂದು ಅವನು ದೂರ ಹೋಗುತ್ತಲೂ ಇರಲಿಲ್ಲ. “ನೀವು ಹಚ್ಚಿ, ನಾನು ಗಾಳಿಗೆ ಅಡ್ಡ ನಿಲ್ತೀನಿ” ಎಂದು ತನ್ನ ಅಗಲ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಭಾರತ ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿಯನ್ನು ಅವನಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಡಿಮೆ.

ಈ 28ನೇ ವಿಧಿಯನ್ನು ನಾನು ಓದಿದ್ದು ತಲೆ ಬೆಳ್ಳಗಾದ ಮೇಲೆ, ಮೊಮ್ಮಗಳ ಶಾಲೆಯ ದೆಸೆಯಿಂದ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುವುದು ಅದರ ಮೊದಲ ಮಾತು. ಯಾವುದೋ ದತ್ತಿಯಿಂದ ಹುಟ್ಟಿದ ಸಂಸ್ಥೆಯಾಗಿದ್ದು, ಆ ದತ್ತಿಯೇ ಧರ್ಮಬೋಧನೆ ಬೇಕೆಂದರೆ, ಸರ್ಕಾರ ಆಡಳಿತ ನಡೆಸುತ್ತಿದ್ದರೂ ನಡೆಯುತ್ತದೆ ಎನ್ನುವುದು ಎರಡನೆಯದು. ಮೂರನೆಯದು ನಮಗೆ ನಿಮಗೆ ಸಂಬಂಧಿಸಿದ್ದು. ಸರ್ಕಾರದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಯಾವ ಶಾಲೆಯಲ್ಲೂ ಒಬ್ಬ ವಿದ್ಯಾರ್ಥಿಯನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಅವನ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. ಚಿಕ್ಕವನಾದರೆ ಪೋಷಕರ ಒಪ್ಪಿಗೆ ಬೇಕು. ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದದ್ದು 1948ರ ಡಿಸೆಂಬರಿನಲ್ಲಿ. ಸರ್ಕಾರಿ ಶಾಲೆಗಳಲ್ಲೂ ಧರ್ಮ ಕಲಿಸಲಿ ಎಂದವರಿಗೆ ಅಂಬೇಡ್ಕರರು ವಕೀಲರ ತಾಳ್ಮೆಯಿಂದ ಉತ್ತರ ಕೊಟ್ಟರು. ಎಲ್ಲರ ತೆರಿಗೆಯಲ್ಲಿ ಒಬ್ಬರ ಧರ್ಮ ಹೇಗೆ ಕಲಿಸುತ್ತೀರಿ, ಇಷ್ಟೊಂದು ಪಂಥಗಳಿಗೆಲ್ಲ ಮೇಷ್ಟ್ರುಗಳನ್ನು ಎಲ್ಲಿಂದ ತರುತ್ತೀರಿ, ತನ್ನದೇ ಸರಿ ಎನ್ನುವ ಎರಡು ಧರ್ಮಗಳ ಪಾಠ ಒಂದೇ ಕಟ್ಟಡದಲ್ಲಿ ನಡೆದರೆ ಶಾಲೆಯ ಗತಿಯೇನು ಎಂಬುದು ಅವರ ವಾದದ ತಿರುಳು.

ಒಪ್ಪಿಗೆ ಬೇಕು ಎನ್ನುವುದೇನೋ ಸರಿ. ನಮ್ಮಪ್ಪನನ್ನು ಯಾರು ಕೇಳಿದ್ದರು? ಶಾಲೆಗೆ ಸೇರಿಸುವ ದಿನ ಗುಮಾಸ್ತರು ಫಾರಮ್ಮಿನ ಮೇಲೆ ಎಲ್ಲೆಲ್ಲಿ ಬೆರಳಿಟ್ಟರೋ ಅಲ್ಲಲ್ಲಿ ಅವರು ಸಹಿ ಹಾಕಿದರು. ಆ ಬೆರಳುಗಳ ಕೆಳಗೆ ನನ್ನ ಆತ್ಮದ ವಿಲೇವಾರಿಯ ಕಾಲಮ್ಮೂ ಇತ್ತೋ ಏನೋ.

ತಮಾಷೆಯೆಂದರೆ, ನನ್ನ ತಂಗಿ ಓದಿದ್ದು ಮುನಸಿಪಾಲಿಟಿಯ ಮರಾಠಿ ಶಾಲೆಯಲ್ಲಿ. ಪೂರ್ತಿ ಸರ್ಕಾರದ ದುಡ್ಡು, ಹಾಗಾಗಿ ಧರ್ಮಬೋಧನೆಗೆ ಪೂರ್ತಿ ಪ್ರತಿಬಂಧ. ಆದರೆ ಪಾದ್ರಿಗಳ ಶಾಲೆಯಲ್ಲಿ ನಾನು ಕಂಡದ್ದಕ್ಕಿಂತ ಹೆಚ್ಚು ತೆಂಗಿನಕಾಯಿ ಒಡೆದದ್ದು ಅಲ್ಲೇ. ದಸರೆಯ ಹೊತ್ತಿಗೆ ಪಾಟಿ ಪೂಜೆ. ಒಂದರ ಅಂಕಿಗಳನ್ನೇ ಒತ್ತೊತ್ತಾಗಿ ಜೋಡಿಸಿ ಪಾಟಿಯ ಮೇಲೆ ಸರಸ್ವತಿಯ ಆಕಾರ ಬಿಡಿಸಬೇಕು. ಅರಿಸಿನ, ಕುಂಕುಮ, ಝೇಂಡು ಹೂವು. ತರಗತಿಯಲ್ಲಿ ಎಲ್ಲರಿಗಿಂತ ಅಂದದ ಸರಸ್ವತಿ ಬರೆಯುತ್ತಿದ್ದವಳು ಖಡಕಿಯ ಮುಸಲ್ಮಾನ ಮೇಸ್ತ್ರಿಯೊಬ್ಬರ ಮಗಳು. ಅದು ಧರ್ಮವೋ, ಚಿತ್ರಕಲೆಯೋ, ಅಂಕಗಣಿತವೋ? ನ್ಯಾಯಾಲಯಗಳೂ ಈ ಗೆರೆ ಎಳೆಯಲು ಒದ್ದಾಡಿವೆ. ಬೆಳಗಿನ ಪ್ರಾರ್ಥನೆಗೆ ಅಲ್ಲಿ ಸಾನೆ ಗುರೂಜಿಯವರ ಹಾಡು ಹೇಳಿಸುತ್ತಿದ್ದರು. ಜಗತ್ತಿಗೆ ಪ್ರೀತಿ ಹಂಚುವುದೇ ಧರ್ಮ ಎನ್ನುವ ಅರ್ಥದ್ದು. ಯಾವ ದೇವರ ಹೆಸರು ಹಿಡಿದೂ ಜಗಳ ತೆಗೆಯಲು ಬಾರದ ಹಾಡು ಅದು. ಮಹಾರಾಷ್ಟ್ರದ ಶಾಲೆಗಳು ಅದನ್ನು ಇಷ್ಟು ದಿನ ಉಳಿಸಿಕೊಂಡದ್ದಕ್ಕೆ ನನಗಂತೂ ಗೌರವವಿದೆ.

ಪುಣೆಗೆ ಈ ಪ್ರಶ್ನೆ ಹೊಸದಲ್ಲ. ಶಾಲೆಯಲ್ಲಿ ಧರ್ಮ ಎನ್ನುವ ಜಗಳವನ್ನು ಇಡೀ ದೇಶಕ್ಕೆ ಆಡಿ ತೋರಿಸಿದ ಊರೇ ಇದು. ಆ ಜಗಳದ ಪೀಠಿಕೆ ಒಂದು ಕಪ್ಪು ಚಹಾ. 1890ರ ಅಕ್ಟೋಬರ್ ತಿಂಗಳು. ಪಂಚಹೌದ್ ಮಿಷನ್ನಿನವರು ಊರಿನ ಗಣ್ಯರನ್ನು ಭಾಷಣಕ್ಕೆಂದು ಕರೆದರು. ರಾನಡೆ, ತಿಲಕ, ಗೋಖಲೆ ಎಲ್ಲ ಹೋದರು. ಭಾಷಣ ಮುಗಿದ ಮೇಲೆ ಚಹಾ ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಕಪ್ಪು ಮುಟ್ಟಿ ಇಟ್ಟರು, ಕೆಲವರು ಮುಟ್ಟಿದರೋ ಇಲ್ಲವೋ ಎನ್ನುವುದು ಅವರಿಗೂ ಆಮೇಲೆ ಗೊತ್ತಾಗದಾಯಿತು. ಡಾ. ಆನಂದಿಬಾಯಿ ಜೋಶಿಯವರ ಗಂಡ ಗೋಪಾಳರಾವ್ ಜೋಶಿ ಎಂಬ ವಿಚಿತ್ರ ವ್ಯಕ್ತಿ ಹಾಜರಿದ್ದವರ ಹೆಸರನ್ನೆಲ್ಲ ‘ಪುಣೆ ವೈಭವ’ ಪತ್ರಿಕೆಗೆ ಕೊಟ್ಟುಬಿಟ್ಟ. ಊರಿಗೆ ಬೆಂಕಿ ಬಿತ್ತು. ಪಾದ್ರಿಗಳ ಚಹಾ ಕುಡಿದವರ ಜಾತಿ ಉಳಿಯಿತೋ ಹೋಯಿತೋ ಎಂಬ ವ್ಯಾಜ್ಯ ಸಂಕೇಶ್ವರ ಕರವೀರ ಪೀಠದ ಶಂಕರಾಚಾರ್ಯರವರೆಗೆ ಹೋಯಿತು. ಸಂಕೇಶ್ವರ ಈಗ ನಮ್ಮ ಬೆಳಗಾವಿ ಜಿಲ್ಲೆಯಲ್ಲಿದೆ, ಅಲ್ಲಿನ ಚಹಾ ಚೆನ್ನಾಗಿರುತ್ತದೆ. ನಾನು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡು ಬಂದಿದ್ದೇನೆ ಎಂದು ತಿಲಕರು ವಾದಿಸಿದರು. ರಾನಡೆಯವರೂ ಕೊನೆಗೆ ಪ್ರಾಯಶ್ಚಿತ್ತಕ್ಕೆ ತಲೆಬಾಗಿದರು. ಹೈಕೋರ್ಟಿನ ನ್ಯಾಯಾಧೀಶರಾಗಲಿದ್ದ ಮನುಷ್ಯನಿಗೆ ಒಂದು ಕಪ್ಪು ಚಹಾ ಅಷ್ಟು ದುಬಾರಿಯಾಯಿತು.

ಅದೇ ವರ್ಷ, ಈ ಚಹಾದ ಹಬೆ ಆರುವ ಮುನ್ನವೇ, ಪಂಡಿತಾ ರಮಾಬಾಯಿ ತಮ್ಮ ಶಾರದಾ ಸದನವನ್ನು ಮುಂಬಯಿಯಿಂದ ಪುಣೆಗೆ ತಂದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ಕೆಂಗಣ್ಣಿಗೆ ಗುರಿಯಾಗಿ ಕಾಡು ಸೇರಿದವರು. ಶೃಂಗೇರಿಯ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳು ತನ್ನ ಶಾಲೆಗೆ ಶಾರದೆಯ ಹೆಸರಿಟ್ಟದ್ದು ನನಗೆ ತೀರಾ ಸಹಜವಾಗಿ ಕಾಣುತ್ತದೆ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದ ಮೇಲೂ. ಬಾಲವಿಧವೆಯರಿಗಾಗಿ ಇದ್ದ ಆ ಶಾಲೆಗೆ ಹಣ ಬರುತ್ತಿದ್ದದ್ದು ಅಮೆರಿಕದಿಂದ. ಅಲ್ಲಿ ಯಾವ ಧರ್ಮವನ್ನೂ ಬೋಧಿಸುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಜಾತಿಯ ಆಚಾರ ಪಾಲಿಸಿಕೊಂಡೇ ಓದಬಹುದು ಎನ್ನುವುದು ಒಪ್ಪಂದ. ರಾನಡೆ, ಭಾಂಡಾರಕರರಂಥವರು ಸಲಹೆಗಾರರ ಮಂಡಳಿಯಲ್ಲಿದ್ದರು. ಊರಿಗೆ ಧೈರ್ಯ ಬಂದಿತ್ತು.

ತಕರಾರು ಹುಟ್ಟಿದ್ದು ಒಂದು ಬಾಗಿಲಿನಿಂದ. ರಮಾಬಾಯಿ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರತೊಡಗಿದರು. ಇದು ಬೋಧನೆಯೇ? ‘ಕೇಸರಿ’ ಪತ್ರಿಕೆ ಹೌದೆಂದಿತು, ಬಹಳ ಗಟ್ಟಿಯಾಗಿ. ಸಲಹೆಗಾರರು ಕಸಿವಿಸಿಗೊಂಡರು. ರಮಾಬಾಯಿಯವರದು ಒಂದೇ ಉತ್ತರ: ನಾನು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಳ್ಳುವುದೂ ಇಲ್ಲ, ಬಾಗಿಲು ಹಾಕುವುದಂತೂ ಇಲ್ಲ. 1893ರಲ್ಲಿ ಸಲಹೆಗಾರರು ರಾಜೀನಾಮೆ ಕೊಟ್ಟರು. ಹಲವು ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಈ ಪ್ರಸಂಗದಲ್ಲಿ ಯಾರ ಕಡೆ ನಿಲ್ಲಬೇಕೆಂದು ನಾನು ಬಹಳ ಯೋಚಿಸಿದ್ದೇನೆ. ಆ ಹುಡುಗಿಯರು ಬಾಲವಿಧವೆಯರು, ಹೊಟ್ಟೆಗೆ ಹಾಕಿ ಅಕ್ಷರ ಕಲಿಸುತ್ತಿದ್ದವಳೇ ಪ್ರಾರ್ಥಿಸುತ್ತಿದ್ದಾಳೆ, ಅಂಥ ಕಡೆ ‘ತಾವಾಗಿಯೇ’ ಎನ್ನುವುದಕ್ಕೆ ಎಷ್ಟು ತೂಕ ಎನ್ನುವ ಪ್ರಶ್ನೆ ಸುಳ್ಳಲ್ಲ. ಆದರೆ ಆ ಪ್ರಶ್ನೆ ಕೇಳಿದವರು ಆ ಹುಡುಗಿಯರಿಗೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮೂಲೆಗೆ ಕೂರಿಸುವಾಗ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಹಾಗಾಗಿ ನನ್ನ ಮತ ರಮಾಬಾಯಿಗೆ. ಅಂದಹಾಗೆ, ಇದೇ ಸದನದಲ್ಲಿ ಓದಿದ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲೇ ಮದುವೆಯಾದರು. ಹಿಂದೂಗಳು ಅನುಮಾನಪಡದಂಥ ವಿಧವಾಶ್ರಮವೊಂದು ಬೇಕೆಂದು 1896ರಲ್ಲಿ ತಾವೇ ಒಂದನ್ನು ಕಟ್ಟಿದರು. ಅದು ಬೆಳೆದು 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಯಿತು. ರಮಾಬಾಯಿ ಕೇಡಗಾಂವಿಗೆ ಹೋಗಿ ಮುಕ್ತಿ ಮಿಷನ್ ಕಟ್ಟಿದರು. ಒಂದು ಬಾಗಿಲಿನ ಜಗಳದಿಂದ ಎರಡು ದೊಡ್ಡ ಸಂಸ್ಥೆಗಳು ಹುಟ್ಟಿದವು. ಪುಣೆಯವರ ಜಗಳವೂ ವ್ಯರ್ಥವಾಗುವುದಿಲ್ಲ.

ಮಿಷನ್ ಶಾಲೆಗೆ ಹೋದ ಮಕ್ಕಳೆಲ್ಲ ಕೈತಪ್ಪುತ್ತಾರೆ ಎನ್ನುವ ಅಂಜಿಕೆಗೆ ಇದೇ ಊರಿನಲ್ಲಿ ಇನ್ನೊಂದು ಉತ್ತರವೂ ಇದೆ. ಜೋತಿಬಾ ಫುಲೆ ಓದಿದ್ದು ಸ್ಕಾಟಿಷ್ ಮಿಷನ್ನಿನ ಶಾಲೆಯಲ್ಲಿ. ಅವರು ಕ್ರೈಸ್ತರಾಗಲಿಲ್ಲ. ಅಲ್ಲಿ ಕಲಿತ ಪ್ರಶ್ನೆಗಳನ್ನು ತಂದು ಮೊದಲು ಪುಣೆಯ ಬ್ರಾಹ್ಮಣರಿಗೆ ಕೇಳಿದರು, ಆಮೇಲೆ ಉಳಿದವರಿಗೂ ಕೇಳಿದರು. 1848ರಲ್ಲಿ ಭಿಡೇವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರು ತೀರಿಕೊಂಡ ಮೇಲೆ 1891ರಲ್ಲಿ ಅಚ್ಚಾದ ‘ಸಾರ್ವಜನಿಕ ಸತ್ಯಧರ್ಮ’ ಪುಸ್ತಕದಲ್ಲಿ ಅವರು ಒಂದು ಮನೆಯನ್ನು ಕಲ್ಪಿಸುತ್ತಾರೆ. ಆ ಮನೆಯಲ್ಲಿ ಹೆಂಡತಿ ಓದಿ ಮೆಚ್ಚಿ ಬೌದ್ಧಳಾಗಿದ್ದಾಳೆ, ಗಂಡ ಬೈಬಲ್ ಓದಿ ಕ್ರೈಸ್ತನಾಗಿದ್ದಾನೆ, ಮಗಳು ಕುರಾನ್ ಓದಿ ಮುಸಲ್ಮಾನಳಾಗಿದ್ದಾಳೆ, ಮಗ ಸತ್ಯಧರ್ಮಿ. ಎಲ್ಲರೂ ಒಂದೇ ಸೂರಿನಡಿ ಜಗಳವಿಲ್ಲದೆ ಇರಬೇಕು ಎನ್ನುತ್ತಾರೆ ಜೋತಿಬಾ. ಇದನ್ನು ನಾನು ಅವ್ವನಿಗೆ ಓದಿ ಹೇಳಿದ್ದೆ. ಅವಳಿಗೆ ತತ್ವದಲ್ಲಿ ಆಕ್ಷೇಪವಿರಲಿಲ್ಲ. “ಅಡಗಿ ಒಂದs ಅಲ್ಲಾ? ಹಂಗಾದ್ರ ನಡೀತದ” ಎಂದಳು.

ನೂರಾ ಮೂವತ್ತು ವರ್ಷದ ಹಿಂದಿನ ಆ ಮನೆ ಈಗ ಎಲ್ಲಿದೆ ಎಂದು ಹುಡುಕಿದರೆ, ಒಂದು ಕಾಲಕ್ಕೆ ಅದು ನಮ್ಮ ತರಗತಿಯಲ್ಲೇ ಇತ್ತು ಎನಿಸುತ್ತದೆ. ಧರ್ಮದ ಬಗ್ಗೆ ನಾನು ಕಲಿತದ್ದೆಲ್ಲ ಆ ಎರಡು ಪೀರಿಯಡ್ಡಿನ ಆಚೆಗೆ. ಪಾರ್ಸಿಗಳ ಹೊಸ ವರ್ಷ ಎರಡು ಸಲ ಬರುತ್ತದೆ ಎಂದು ತಿಳಿದದ್ದು ಪಾರ್ಸಿ ಹುಡುಗ ಎರಡು ಸಲ ಸಿಹಿ ತಂದಾಗ. ರಂಜಾನಿನಲ್ಲಿ ಆಟದ ಪೀರಿಯಡ್ಡಿಗೆ ಬೋಹರಾ ಹುಡುಗ ಓಡದೆ ಅಂಪೈರ್ ಆಗುತ್ತಿದ್ದ, ಔಟ್ ಕೊಡುವುದರಲ್ಲಿ ಉಪವಾಸದ ಸಿಟ್ಟು ಕಾಣುತ್ತಿತ್ತು. ಸಿಖ್ಖ ಹುಡುಗನ ತಲೆಯ ಮೇಲಿನ ಗಂಟನ್ನು ಮುಟ್ಟಬಾರದು ಎನ್ನುವ ಪಾಠಕ್ಕೆ ಪುಸ್ತಕ ಬೇಕಾಗಲಿಲ್ಲ, ಒಬ್ಬ ಮುಟ್ಟಿದ, ಉಳಿದವರು ಕಲಿತೆವು. ನನ್ನ ಏಕಾದಶಿಯ ಸಾಬೂದಾಣಿ ಖಿಚಡಿಗೆ ಎಲ್ಲ ಧರ್ಮಗಳಿಂದಲೂ ಬೇಡಿಕೆಯಿತ್ತು, ನಾನು ಮಾತ್ರ ನಿಜವಾಗಿಯೂ ಉಪವಾಸವಿರುತ್ತಿದ್ದೆ.

ಮೊಮ್ಮಗಳ ಶಾಲೆ ಬಾಣೇರ್ ಕಡೆ, ಗಾಜಿನ ಕಟ್ಟಡ. ಅಲ್ಲಿ ‘ವ್ಯಾಲ್ಯೂ ಎಜುಕೇಷನ್’ ಇದೆ, ಅದಕ್ಕೊಂದು ಆ್ಯಪ್ ಇದೆ. ಆಷಾಢ ಬಂದರೆ ಪುಟಾಣಿಗಳಿಗೆಲ್ಲ ವಿಠ್ಠಲ ರುಕ್ಮಿಣಿಯರ ವೇಷ ತೊಡಿಸಿ ದಿಂಡಿ ತೆಗೆಯುತ್ತಾರೆ. ಇದು ಪುಣೆಯ ಶಾಲೆಗಳ ಚೆಂದದ ಪದ್ಧತಿ. ಆಳಂದಿ, ದೇಹುವಿನ ಪಾಲಕಿಗಳು ನಾನಾ ಪೇಟೆ, ಭವಾನಿ ಪೇಟೆಗಳಲ್ಲಿ ತಂಗುವ ಹೊತ್ತಿಗೆ ಊರಿಗೆ ಊರೇ ಬೀದಿಗೆ ಬಂದಿರುತ್ತದೆ. ವಿಠ್ಠಲನನ್ನು ಕರ್ನಾಟಕದವನೆಂದು ಜ್ಞಾನೇಶ್ವರರೇ ಕರೆದಿರುವುದರಿಂದ ಆ ದಿನ ನನಗೂ ಸ್ವಲ್ಪ ಠೀವಿ. ನಾನು ಮೊಮ್ಮಗಳನ್ನು ಕೇಳಿದೆ, “ನಿಮ್ಮ ಕ್ಲಾಸಿನಲ್ಲಿ ದಿಂಡಿಗೆ ಬಾರದವರು ಯಾರಾದರೂ ಇದ್ದಾರೇನು?”

“ಅಂಥವರು ಯಾರೂ ಇಲ್ಲ ಅಜ್ಜಾ. ಎಲ್ಲಾರೂ ನಮ್ಮಂಥವರs.”

ಮಗುವಿನ ಮಾತಿನಲ್ಲಿ ದೋಷವಿಲ್ಲ, ಹಾಜರಿ ಪುಸ್ತಕ ತಿರುವಿದರೆ ಅದು ನಿಜವೇ. ಪಾರ್ಸಿಗಳು ಊರಿನಲ್ಲೇ ಕಡಿಮೆಯಾದರು. ಮುಸಲ್ಮಾನ ಮಕ್ಕಳು ಕೊಂಡವಾ, ಕ್ಯಾಂಪಿನ ಕಡೆಯ ತಮ್ಮ ಶಾಲೆಗಳಿಗೆ, ನಮ್ಮವರು ‘ನಮ್ಮ ಸಂಸ್ಕಾರ’ ಇರುವ ಶಾಲೆಗಳಿಗೆ. ಹಿಂದೆ ಪೀರಿಯಡ್ಡಿನ ಗಂಟೆಗೆ ಇಬ್ಭಾಗವಾಗುತ್ತಿದ್ದ ತರಗತಿ ನಲವತ್ತು ನಿಮಿಷದ ಮೇಲೆ ಮತ್ತೆ ಒಂದಾಗುತ್ತಿತ್ತು. ಈಗ ಇಬ್ಭಾಗ ಸೇರಿಸುವ ದಿನವೇ ಆಗಿಹೋಗಿರುತ್ತದೆ, ಮತ್ತೆ ಕೂಡಿಸುವ ಗಂಟೆ ಯಾವ ಶಾಲೆಯಲ್ಲೂ ಇಲ್ಲ.

2023ರಲ್ಲಿ ಆಷಾಢ ಏಕಾದಶಿ ಮತ್ತು ಬಕ್ರೀದ್ ಒಂದೇ ದಿನ ಬಂದವು, ಜೂನ್ 29. ಎರಡು ಪಂಚಾಂಗಗಳು ಕೂಡಿ ಒಂದು ಪಾಠ ಸಿದ್ಧ ಮಾಡಿ ಕೊಟ್ಟಹಾಗಿತ್ತು. ಮಹಾರಾಷ್ಟ್ರದ ಎಷ್ಟೋ ಊರುಗಳಲ್ಲಿ ಮುಸಲ್ಮಾನರು ಆ ದಿನದ ಕುರ್ಬಾನಿಯನ್ನು ಮುಂದಕ್ಕೆ ಹಾಕಿದರು. ಶಾಲೆಗಳಿಗೆ ರಜೆ. ಒಳ್ಳೆಯ ಪಾಠಗಳು ರಜೆಯ ದಿನವೇ ಬರುತ್ತವೆ. ಮುಂದಿನ ವಾರವೇ ಪುಣೆಯ ಹತ್ತಿರದ ತಳೆಗಾಂವ್ ದಾಭಾಡೆಯ ಶಾಲೆಯೊಂದರಲ್ಲಿ ಪ್ರಾರ್ಥನೆ ಕ್ರೈಸ್ತರದ್ದೆಂಬ ಆರೋಪ ಹೊರಿಸಿ ಪ್ರಾಂಶುಪಾಲರ ಮೇಲೆ ಕೈಮಾಡಿದರು. ಅಂಗಿ ಹರಿದ ಆ ಮನುಷ್ಯ ಮೆಟ್ಟಿಲು ಹತ್ತಿ ಓಡುವ ವಿಡಿಯೊ ಎಲ್ಲರ ಫೋನಿಗೂ ಬಂತು. ಪೋಷಕರಿಗೆ ಆ ಪ್ರಾರ್ಥನೆ ಬೇಡವಾಗಿದ್ದರೆ ಬೇಡವೆಂದು ಬರೆದುಕೊಡುವ ದಾರಿ 1950ರಿಂದಲೂ ಇದೆ. ಒಂದು ಹಾಳೆ, ಒಂದು ಸಹಿ. ಆ ದಾರಿ ಹಿಡಿದರೆ ಫೋನಿಗೆ ಕಳಿಸುವಂಥದ್ದೇನೂ ಉಳಿಯುವುದಿಲ್ಲ, ಅದೇ ಅದರ ತೊಂದರೆ.

ನಾಸಿಕದ ಮೇಷ್ಟ್ರೊಬ್ಬರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಅವರು ಎಲ್ಲರೊಂದಿಗೆ ನಿಲ್ಲುತ್ತಿದ್ದರು, ಕೈ ಮಾತ್ರ ಮುಗಿಯುತ್ತಿರಲಿಲ್ಲ. ಅದಕ್ಕಾಗಿ ಸಂಬಳದ ಬಡ್ತಿ ನಿಂತಿತು. ಅವರು ಯಾರ ಮೇಲೂ ಕೂಗಾಡದೆ ಮುಂಬಯಿ ಹೈಕೋರ್ಟಿಗೆ ಹೋದರು. ಕೈ ಮುಗಿಯಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು 2013ರಲ್ಲಿ ನ್ಯಾಯಾಲಯ ಹೇಳಿತು. ನಮ್ಮ ಬೋಹರಾ ಹುಡುಗ ಈ ಮೇಷ್ಟ್ರನ್ನು ಕಂಡಿದ್ದರೆ ಬಹಳ ಇಷ್ಟಪಡುತ್ತಿದ್ದ.

ಹಾಗಾದರೆ ಶಾಲೆಯಿಂದ ಧರ್ಮವನ್ನು ಪೂರ್ತಿ ಹೊರಗಟ್ಟಬೇಕೇ? ನನಗೆ ಹಾಗೆನ್ನಿಸುವುದಿಲ್ಲ, ಸುಪ್ರೀಂ ಕೋರ್ಟಿಗೂ ಅನ್ನಿಸಿಲ್ಲ. 2002ರ ಅರುಣಾ ರಾಯ್ ಮೊಕದ್ದಮೆಯಲ್ಲಿ ಅದು ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಗೆರೆ ಎಳೆಯಿತು. ಕಾಗದದ ಮೇಲೆ ಗೆರೆ ನೆಟ್ಟಗಿದೆ. ತರಗತಿಯಲ್ಲಿ ಅದನ್ನು ಎಳೆಯಬೇಕಾದವರು ಮೇಷ್ಟ್ರು. ಅವರ ಹಣೆಯ ಮೇಲೆ ಏನಿದೆ, ಏನಿಲ್ಲ ಎನ್ನುವುದು ಮಕ್ಕಳಿಗೆ ಮೊದಲೇ ಕಾಣುತ್ತಿರುತ್ತದೆ. 1948ರಲ್ಲಿ ನೇಮಕವಾದ ರಾಧಾಕೃಷ್ಣನ್ ಆಯೋಗ ಇದಕ್ಕೊಂದು ಜಾಣ ಉಪಾಯ ಸೂಚಿಸಿತ್ತು: ಪ್ರತಿದಿನ ಕೆಲವು ನಿಮಿಷ ಮೌನ, ಅವರವರ ಮನಸ್ಸಿಗೆ ಬಂದದ್ದನ್ನು ಅವರವರು ನೆನೆಯುವುದು. ಪುಣೆಯವರು ಮೌನವಾಗಿರುವುದು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮಾತ್ರ, ಅದೂ ಅಂಗಡಿಯ ಬಾಗಿಲು ಹಾಕಿಕೊಂಡು. ಉಪಾಯ ಊರ್ಜಿತವಾಗಲಿಲ್ಲ.

ಪಠ್ಯಪುಸ್ತಕದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಮಹಾರಾಷ್ಟ್ರದ ಮಕ್ಕಳ ಪುಸ್ತಕಗಳನ್ನೆಲ್ಲ ಅಚ್ಚು ಹಾಕಿಸುವ ಬಾಲಭಾರತಿ ಇರುವುದು ಇದೇ ಊರಿನ ಸೇನಾಪತಿ ಬಾಪಟ್ ರಸ್ತೆಯಲ್ಲಿ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಕ್ಕಳಿಗೆ ಕನ್ನಡ ಪುಸ್ತಕಗಳೂ ಇಲ್ಲಿಂದಲೇ ಹೋಗುತ್ತವೆ. ಪುಸ್ತಕದ ಮೊದಲ ಹಾಳೆಗಳಲ್ಲೇ ಪ್ರತಿಜ್ಞೆ ಇರುತ್ತದೆ, ದೇಶದ ಬಗೆಬಗೆಯ ಪರಂಪರೆಗಳ ಬಗ್ಗೆ ತನಗೆ ಹೆಮ್ಮೆಯಿದೆ ಎಂದು ಮಗು ಅಲ್ಲಿ ಮಾತು ಕೊಡುತ್ತದೆ. ಬಗೆಬಗೆಯವರನ್ನು ಒಮ್ಮೆಯೂ ನೋಡದೆ ಆ ಮಾತು ಕೊಡಿಸುವುದು ಸುಲಭ, ನಡೆಸಿಕೊಳ್ಳುವುದು ಹೇಗೆ? ಪಾಠ ಯಾವುದೇ ಇರಲಿ, ಗಾಳಿಗೆ ಅಡ್ಡ ನಿಲ್ಲುವ ಹುಡುಗ ತರಗತಿಯಲ್ಲಿದ್ದರೆ ಅರ್ಧ ಕೆಲಸ ಅವನೇ ಮಾಡುತ್ತಾನೆ. ಅವನಿಲ್ಲದ ತರಗತಿಯಲ್ಲಿ ಎಷ್ಟು ಒಳ್ಳೆಯ ಪಾಠ ಇಟ್ಟರೂ ಅದು ಪರೀಕ್ಷೆಗೆ ಉರು ಹೊಡೆಯುವ ಇನ್ನೊಂದು ವಿಷಯ.

ಆದ್ದರಿಂದ ಮಗುವನ್ನೋ ಮೊಮ್ಮಗುವನ್ನೋ ಸೇರಿಸಲು ಹೋಗುವವರಲ್ಲಿ ನನ್ನದೊಂದು ಬಿನ್ನಹ. ಈಜುಕೊಳ ಇದೆಯೇ, ಎ.ಸಿ. ಬಸ್ಸು ಇದೆಯೇ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಪ್ರಾರ್ಥನೆಗೆ ಸೇರದ ಮಗು ಆ ಹೊತ್ತಿನಲ್ಲಿ ಎಲ್ಲಿ ನಿಲ್ಲುತ್ತದೆ? ನಿಮ್ಮ ಹಾಜರಿ ಪುಸ್ತಕದಲ್ಲಿ ಎಷ್ಟು ಬಗೆಯ ಹೆಸರುಗಳಿವೆ? ಉತ್ತರ ಕೊಡಲು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಫೀಸು ಕಟ್ಟುವ ಮುನ್ನ ಇನ್ನೊಂದು ಶಾಲೆಯನ್ನೂ ನೋಡಿಕೊಂಡು ಬನ್ನಿ. ಮತ್ತು ಅವರು ಬೆರಳಿಟ್ಟಲ್ಲೆಲ್ಲ ಸಹಿ ಹಾಕಬೇಡಿ.